ಮೈಲಿಗಲ್ಲೂ ಮಗುವೂ

ನಮ್ಮ ವಠಾರದಲ್ಲಿ ಒಂದೇ ತಿಂಗಳ ಅಂತರದಲ್ಲಿ ಎರಡು ಮಕ್ಕಳು ಹುಟ್ಟಿದವು. ಒಂದು ನನ್ನ ಮಗಳು. ಇನ್ನೊಂದು ಮಹಡಿಯ ಮನೆಯವರ ಮಗ. ಅಂದಿನಿಂದ ವಠಾರದಲ್ಲಿ ಒಂದು ಓಟದ ಪಂದ್ಯವೇ ಆರಂಭವಾಯಿತೆನ್ನಬೇಕು. ಓಡುವವರಿಗೆ ಪಂದ್ಯದ ಸುದ್ದಿಯೇ ತಿಳಿಯದು. ನೋಡುವವರಿಗೆ ಮಾತ್ರ ಎಲ್ಲಿಲ್ಲದ ಉತ್ಸಾಹ.

ಮಹಡಿಯ ಹುಡುಗ ನಾಲ್ಕನೆಯ ತಿಂಗಳಿಗೇ ಬೋರಲು ಬಿದ್ದ. ನನ್ನ ಮಗಳು ಅಂಗಾತ ಮಲಗಿ ಮಾಡಿನ ತೊಲೆಗಳನ್ನು ಎಣಿಸುತ್ತಿದ್ದಳು. ಅವನು ಅಂಬೆಗಾಲಿಟ್ಟು ಹೊಸಿಲು ದಾಟಿದ ದಿನ ಅವರು ಹೊಸಿಲಿಗೆ ಅರಿಸಿನ ಕುಂಕುಮವಿಟ್ಟು ಮನೆಮನೆಗೆ ಸಿಹಿ ಹಂಚಿದರು. ಇವಳೋ, ಅಂಬೆಗಾಲಿನ ಗೊಡವೆಗೇ ಹೋಗದೆ ಕುಳಿತ ಭಂಗಿಯಲ್ಲಿಯೇ ಜರುಗುತ್ತ ನಡುಮನೆಯನ್ನು ಒರೆಸುವ ಕಾರ್ಯ ಕೈಕೊಂಡಳು. ಹತ್ತನೆಯ ತಿಂಗಳಿಗೆ ಅವನು ಎದ್ದು ನಡೆದ. ಇವಳು ನಡೆದದ್ದು ಹದಿನಾರು ತಿಂಗಳು ತುಂಬಿದ ಮೇಲೆ.

ಆ ನಡುವಿನ ಆರು ತಿಂಗಳಲ್ಲಿ ನಮ್ಮ ಮನೆಗೆ ಬಂದ ಉಪದೇಶಗಳನ್ನು ಬರೆದಿಟ್ಟಿದ್ದರೆ ಒಂದು ಗ್ರಂಥವೇ ಆಗುತ್ತಿತ್ತು. ಮಗುವನ್ನು ಮರಳಿನಲ್ಲಿ ಸೊಂಟದವರೆಗೆ ಹೂತು ನಿಲ್ಲಿಸಿ ಎಂದವರೊಬ್ಬರು. ಗಾಲಿಯ ವಾಕರ್ ತಂದುಕೊಡಿ ಎಂದವರು ಇನ್ನೊಬ್ಬರು. ವಾಕರಿನಿಂದ ಮಗು ಬೇಗ ನಡೆಯುವುದಿಲ್ಲ, ಬದಲಾಗಿ ಮೆಟ್ಟಿಲಿನಿಂದ ಉರುಳುವ ಅಪಾಯವುಂಟು. ಆ ಕಾರಣಕ್ಕಾಗಿಯೇ ಕೆನಡಾ ದೇಶ ೨೦೦೪ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಇದನ್ನು ನಾನು ಹೇಳಿದರೆ, "ಮೇಷ್ಟರು ಪುಸ್ತಕದ ಬದನೆಕಾಯಿ ಕೊಯ್ಯುತ್ತಾರೆ" ಎಂದು ನಕ್ಕರು. ಮೇಷ್ಟರಿಗೂ ಒಳಗೊಳಗೇ ಅಳುಕಿತ್ತೆಂಬುದು ಅವರಿಗೆ ತಿಳಿಯಲಿಲ್ಲ.

ಮಗುವಿನ ಬೆಳವಣಿಗೆಯ ಹಂತಗಳನ್ನು 'ಮೈಲಿಗಲ್ಲು'ಗಳೆಂದು ಕರೆಯುವುದು ಈಗ ವಾಡಿಕೆಯಾಗಿದೆ. ಈ ಹೋಲಿಕೆಯೇ ಅರ್ಧ ಗೊಂದಲಕ್ಕೆ ಕಾರಣವೆಂದು ನನಗೆ ತೋರುತ್ತದೆ. ರಸ್ತೆಯ ಕಲ್ಲು ನೆಟ್ಟ ಜಾಗದಲ್ಲಿಯೇ ಇರುತ್ತದೆ. ಯಾವ ಬಂಡಿ ಬಂದರೂ ದೂರ ಒಂದೇ. ಮಗುವಿನ ದಾರಿಯಲ್ಲಿ ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳ ೮೧೬ ಆರೋಗ್ಯವಂತ ಮಕ್ಕಳ ಚಲನವಲನಗಳನ್ನು ಅಭ್ಯಸಿಸಿ ೨೦೦೬ರಲ್ಲಿ ಲೆಕ್ಕವೊಂದನ್ನು ಪ್ರಕಟಿಸಿತು. ನಮ್ಮ ದೇಶದ ಮಕ್ಕಳು ದಕ್ಷಿಣ ದೆಹಲಿಯವರು. ಪ್ರತಿಯೊಂದು ಸಾಧನೆಗೂ ಅವರು ಒಂದು ದಿನವನ್ನು ಗೊತ್ತುಮಾಡಲಿಲ್ಲ. ಒಂದು ಕಿಟಕಿಯನ್ನು ತೆರೆದಿಟ್ಟರು. ಆಸರೆಯಿಲ್ಲದೆ ಕೂಡುವುದಕ್ಕೆ ೩.೮ರಿಂದ ೯.೨ ತಿಂಗಳು, ಅಂಬೆಗಾಲಿಗೆ ೫.೨ರಿಂದ ೧೩.೫, ತಾನಾಗಿ ನಡೆಯುವುದಕ್ಕೆ ೮.೨ರಿಂದ ೧೭.೬. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲನ್ನು ಇಡಲೇ ಇಲ್ಲ; ಆದರೂ ನಡೆದರು. ಹತ್ತು ತಿಂಗಳ ಮಹಡಿಯ ಹುಡುಗನೂ ಹದಿನಾರು ತಿಂಗಳ ನನ್ನ ಮಗಳೂ ಒಂದೇ ಕಿಟಕಿಯಲ್ಲಿ ಮುಖವಿಟ್ಟವರು. ದಿನ ತುಂಬುವ ಮುನ್ನವೇ ಹುಟ್ಟಿದ ಮಗುವಾದರಂತೂ, ಎರಡು ವರ್ಷದವರೆಗೆ ಅದರ ವಯಸ್ಸನ್ನು ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕು.

ಇಲ್ಲಿಗೇ ನಿಲ್ಲಿಸಿದ್ದರೆ ಈ ಲೇಖನ ಒಬ್ಬ ತಂದೆಯ ಸಮಾಧಾನವಾಗುತ್ತಿತ್ತು. ಆದರೆ ಕಥೆಯ ಮುಖ್ಯ ಭಾಗ ಮಹಡಿಯ ಮೇಲಿದೆ.

ಎಲ್ಲರಿಗಿಂತ ಮುಂದೆ ನಡೆದ ಆ ಹುಡುಗ ಒಂದೂವರೆ ವರ್ಷವಾದರೂ ಒಂದು ಮಾತನ್ನೂ ಆಡಲಿಲ್ಲ. "ಗಂಡುಮಕ್ಕಳಿಗೆ ಮಾತು ತಡ" ಎಂದರು. "ಅವರ ತಾತನೂ ಮೂರು ವರ್ಷಕ್ಕೆ ಮಾತನಾಡಿದ್ದು" ಎಂದು ವಂಶದ ಸಾಕ್ಷ್ಯವನ್ನೂ ಒದಗಿಸಿದರು. ಕೈಬೀಸಿ ಕರೆದರೆ ಓಡಿ ಬರುತ್ತಿದ್ದ. ಬಾಗಿಲು ಧಡಾರನೆ ಮುಚ್ಚಿದರೆ ಬೆಚ್ಚುತ್ತಿದ್ದ. ಇಷ್ಟು ಚುರುಕಾದ ಮಗುವಿನ ಮೇಲೆ ಸಂಶಯವೆಲ್ಲಿ ಬಂದೀತು? ಕಂಡುಹಿಡಿದವರು ನನ್ನ ತಾಯಿ. "ಅವನು ಕಣ್ಣಿನಲ್ಲಿ ಕೇಳಿಸಿಕೊಳ್ಳುತ್ತಾನೆ ಕಣೋ. ಬೆನ್ನ ಹಿಂದೆ ನಿಂತು ಕರೆದರೆ ತಿರುಗೋದಿಲ್ಲ. ಕುಕ್ಕರು ಕೂಗಿದರೂ ಅವನ ನಿದ್ದೆ ಕದಲೋದಿಲ್ಲ" ಎಂದರು ಒಂದು ಸಂಜೆ. ಪರೀಕ್ಷೆ ಮಾಡಿಸುವ ಹೊತ್ತಿಗೆ ಮಗುವಿಗೆ ಹೆಚ್ಚುಕಡಿಮೆ ಎರಡು ವರ್ಷ. ಎರಡು ಕಿವಿಗಳಲ್ಲಿಯೂ ಶ್ರವಣದೋಷ ತೀವ್ರವಾಗಿತ್ತು.

ಕಿವಿ ಕೇಳದ ಮಗು ಹುಟ್ಟಿನಿಂದಲೇ ಮೌನವಾಗಿರುತ್ತದೆಂಬುದು ನಮ್ಮ ಕಲ್ಪನೆ. ಅದು ತಪ್ಪು. ಅದೂ ಎಲ್ಲ ಮಕ್ಕಳಂತೆಯೇ ಅಳುತ್ತದೆ, ನಗುತ್ತದೆ, ಮೊದಲ ತಿಂಗಳುಗಳಲ್ಲಿ ಗುಬ್ಬಿಯಂತೆ ಗುಟುಕುದನಿ ಹೊರಡಿಸುತ್ತದೆ. ವ್ಯತ್ಯಾಸ ತೋರುವುದು ಆರು ತಿಂಗಳಾದ ಮೇಲೆ. ಉಳಿದ ಮಕ್ಕಳು 'ಬಬಬ', 'ದದದ' ಎಂದು ಅಕ್ಷರಗಳನ್ನು ಪೋಣಿಸತೊಡಗಿದಾಗ ಇದು ಹಿಂದೆ ಬೀಳುತ್ತದೆ. ತಟ್ಟೆ ಬಡಿದು ನೋಡುವ ಮನೆಯ ಪರೀಕ್ಷೆಯನ್ನೂ ನಂಬಲಾಗದು. ನೆಲದ ಅದುರನ್ನೋ ಕೈಯ ನೆರಳನ್ನೋ ಕಂಡು ಮಗು ತಿರುಗಿಬಿಡುತ್ತದೆ.

ನಂಬಬಹುದಾದ ಪರೀಕ್ಷೆಗಳು ಬೇರೆ ಇವೆ. ಮಲಗಿದ ಹಸುಗೂಸಿನ ಕಿವಿಯಲ್ಲಿ ಪುಟ್ಟದೊಂದು ಮೊನೆಯಿಟ್ಟು ಸಣ್ಣ ಸದ್ದು ಕಳುಹಿಸಿ, ಒಳಗಿವಿ ಹಿಂದಿರುಗಿಸುವ ಮಾರ್ದನಿಯನ್ನು ಯಂತ್ರದಿಂದ ಅಳೆಯುತ್ತಾರೆ. ನೋವಿಲ್ಲ, ಕೆಲವೇ ನಿಮಿಷಗಳ ಕೆಲಸ. ಒಂದು ತಿಂಗಳೊಳಗೆ ಈ ಪರೀಕ್ಷೆ, ಮೂರು ತಿಂಗಳೊಳಗೆ ದೋಷದ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ, ಇದು ತಜ್ಞರು ಹಾಕಿಕೊಟ್ಟ ಕ್ರಮ. ಮಿದುಳು ನುಡಿಯನ್ನು ಅತ್ಯಂತ ಸುಲಭವಾಗಿ ಹೀರಿಕೊಳ್ಳುವ ಕಾಲ ಮೊದಲ ಕೆಲವು ವರ್ಷಗಳೇ ಆದ್ದರಿಂದ ಈ ಅವಸರ. ೧೯೬೫ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ನಾಡಿನಲ್ಲಿಯೇ ಇದೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನವರ ತಪಾಸಣೆಗೆಂದೇ ಏರ್ಪಟ್ಟಿದೆ. ಆದರೂ ಆ ಹುಡುಗ ಹುಟ್ಟಿದ ಆಸ್ಪತ್ರೆಯಲ್ಲಿ ಯಾರೂ ಪರೀಕ್ಷಿಸಲಿಲ್ಲ. ಮನೆಯಲ್ಲಿ ಯಾರೂ ಕೇಳಲಿಲ್ಲ.

ಹಾಗಾದರೆ ಕಾಯುವುದೆಲ್ಲಿ, ಓಡುವುದೆಲ್ಲಿ? ಕಿಟಕಿ ತೆರೆದಿರುವವರೆಗೆ ಕಾಯಬಹುದು. ಮುಚ್ಚುವ ಹೊತ್ತಾದರೆ ವೈದ್ಯರಲ್ಲಿಗೆ ಹೋಗಬೇಕು. ಮೂರು ತಿಂಗಳಾದರೂ ತಾಯಿಯ ಮುಖ ನೋಡಿ ನಗದಿದ್ದರೆ, ನಾಲ್ಕು ತಿಂಗಳು ಕಳೆದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳು ದಾಟಿದರೂ ಕೂಡದಿದ್ದರೆ, ವರ್ಷ ತುಂಬಿದರೂ ತೊದಲದೆ, ಬೇಕಾದುದನ್ನು ಬೆರಳಿಟ್ಟು ತೋರಿಸದೆ ಇದ್ದರೆ, ಒಂದೂವರೆ ವರ್ಷಕ್ಕೂ ನಡೆಯದಿದ್ದರೆ, ಎರಡು ವರ್ಷಕ್ಕೆ 'ಅಮ್ಮ ಬಾ' ಎಂಬಂತೆ ಎರಡು ಮಾತು ಜೋಡಿಸದಿದ್ದರೆ, ನೆರೆಮನೆಯವರ ಸಮಾಧಾನ ಸಾಲದು. ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಕಲಿತ ಮಾತನ್ನೋ ಕಲಿತ ವಿದ್ಯೆಯನ್ನೋ ಮಗು ಕಳೆದುಕೊಳ್ಳುತ್ತಿದ್ದರೆ, ಯಾವ ವಯಸ್ಸಿನಲ್ಲಿಯೇ ಆಗಲಿ, ಒಂದು ವಾರವೂ ತಡಮಾಡಬಾರದು.

"ಬೇಗ ನಡೆದನೆಂದು ಹಿಗ್ಗಿದೆವು ಮೇಷ್ಟರೇ. ಆ ಹಿಗ್ಗಿನಲ್ಲಿ ಅವನ ಕಿವಿಯ ಕಡೆ ನೋಡಲೇ ಇಲ್ಲ" ಎಂದು ಆ ತಾಯಿ ನನ್ನೆದುರು ಕಣ್ಣೊರೆಸಿಕೊಂಡರು. ನನಗೂ ಹೇಳಲು ಮಾತಿರಲಿಲ್ಲ. ಅವರ ಮಗನ ಕಾಲನ್ನು ನೋಡಿ ಅಸೂಯೆಪಟ್ಟವರಲ್ಲಿ ನಾನೂ ಒಬ್ಬ. ಕಾಲಿನಿಂದ ಕಣ್ಣು ತೆಗೆದು ಮಗುವನ್ನು ನಾನೂ ನೋಡಿರಲಿಲ್ಲ.

ಈಗ ಹುಡುಗ ಕಿವಿಗೆ ಯಂತ್ರ ಧರಿಸಿದ್ದಾನೆ. ತಾಯಿ ದಿನವೂ ಎದುರು ಕೂಡಿಸಿಕೊಂಡು ಒಂದೊಂದೇ ಮಾತನ್ನು ತಿದ್ದುತ್ತಾರೆ. ಕಳೆದುಹೋದ ಎರಡು ವರ್ಷವನ್ನು ಹಿಂದಕ್ಕೆ ತರುವುದು ಸುಲಭವಲ್ಲ, ಆದರೂ ತರುತ್ತಿದ್ದಾರೆ. ಒಂದು ದಿನ ನನ್ನ ತಾಯಿ ಎಂದಿನಂತೆ ಮೆಟ್ಟಿಲ ಬಳಿ ಬೆನ್ನ ಹಿಂದೆ ನಿಂತು ಅವನ ಹೆಸರು ಹಿಡಿದು ಕರೆದರು. ಹುಡುಗ ಗಕ್ಕನೆ ನಿಂತು ತಿರುಗಿ ನೋಡಿದ. ಆ ಸಂಜೆ ಮಹಡಿಯಿಂದ ಮತ್ತೊಮ್ಮೆ ಸಿಹಿ ಬಂತು. ಹೊಸಿಲು ದಾಟಿದ್ದಕ್ಕೆ ಹಂಚಿದ ಸಿಹಿಗಿಂತ ಅದು ದೊಡ್ಡದಾಗಿತ್ತು.