ಪೆಥಾಲಜಿ ಓದಿದ ಮಗಳಿಗೆ ಲ್ಯಾಬ್ ಹಾಕಿಕೊಡುವ ಮುನ್ನ

ಮಗಳು ಡಾಕ್ಟರ್ ಅಂದರೆ ಸಾಕು, ಕೊರಳಲ್ಲಿ ಸ್ಟೆತಸ್ಕೋಪ್, ಹೊರಗೆ ಸಾಲಾಗಿ ಕೂತ ರೋಗಿಗಳು ನಮ್ಮ ಕಣ್ಣಮುಂದೆ ಬರುತ್ತಾರೆ. ಅದೇ ಮಗಳು ಪೆಥಾಲಜಿಯಲ್ಲಿ ಎಂ.ಡಿ. ಮಾಡಿದರೆ? ‘ಓ, ರಕ್ತ ಪರೀಕ್ಷೆ ಮಾಡೋರಾ?’ ಅಂತ ನೆಂಟರು ಮುಖ ಸಪ್ಪೆ ಮಾಡುತ್ತಾರೆ. ತಾಯಿಗೂ ಒಳಗೊಳಗೇ ಕಸಿವಿಸಿ. ಇಂಟರ್ನ್‌ಶಿಪ್ ಸೇರಿ ಎಂ.ಬಿ.ಬಿ.ಎಸ್.ಗೆ ಐದೂವರೆ ವರ್ಷ, ಮತ್ತೆ ಎಂ.ಡಿ.ಗೆ ಮೂರು ವರ್ಷ ಓದಿದ ಹುಡುಗಿಯ ಮುಂದಿನ ದಾರಿಯನ್ನು ಇಂಥ ಕಸಿವಿಸಿಯಲ್ಲಿ ತೀರ್ಮಾನ ಮಾಡಬೇಡಿ ಗೆಳತಿಯರೇ.

ಕೊಡಗಿನ ಮೂರ್ನಾಡನ್ನೇ ತೆಗೆದುಕೊಳ್ಳಿ. ಮಡಿಕೇರಿ-ವಿರಾಜಪೇಟೆ ರಸ್ತೆಯಲ್ಲಿರುವ ಕಾಫಿ ಸೀಮೆಯ ಊರು. ಅಲ್ಲಿಯ ಹುಡುಗಿಯೊಬ್ಬಳು ಪೆಥಾಲಜಿ ಮುಗಿಸಿ ಬಂದಳು ಎಂದುಕೊಳ್ಳಿ. ‘ಈ ಸಲ ಕಾಫಿ ರೇಟ್ ಚೆನ್ನಾಗಿದೆ, ಒಂದು ಲ್ಯಾಬ್ ಹಾಕಿಕೊಡೋಣ’ ಎನ್ನುತ್ತಾರೆ ಅಪ್ಪ. ‘ಮದುವೆ ಆದ ಮೇಲೂ ಮನೆ ನೋಡಿಕೊಂಡು ಮಾಡಬಹುದಲ್ಲ’ ಎನ್ನುತ್ತಾರೆ ಅಜ್ಜಿ. ಹುಡುಗಿಯ ಮನಸ್ಸು ಮಾತ್ರ ಮೆಡಿಕಲ್ ಕಾಲೇಜಿನ ಕಡೆ. ಮೊದಲಾದರೆ ಅದಕ್ಕೆ ಮೈಸೂರಿಗೋ ಮಂಗಳೂರಿಗೋ ಹೋಗಬೇಕಿತ್ತು. 2016ರಲ್ಲಿ ಮಡಿಕೇರಿಯಲ್ಲೇ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಶುರುವಾದ ಮೇಲೆ, ಹುದ್ದೆ ಖಾಲಿ ಇದ್ದರೆ ಆ ಅವಕಾಶವೂ ಮನೆ ಹತ್ತಿರಕ್ಕೇ ಬಂದಿದೆ. ಹಾಗಾದರೆ ಯಾವುದು ಮೇಲು?

ಸ್ವಂತ ಲ್ಯಾಬನ್ನು ನಾನು ಹಳಿಯುವುದಿಲ್ಲ. ತನಗೆ ತಾನೇ ಯಜಮಾನಿ, ದುಡಿದಷ್ಟು ಆದಾಯ, ವರ್ಗಾವಣೆಯ ಕಾಟವಿಲ್ಲ. ಲ್ಯಾಬ್ ರಿಪೋರ್ಟಿಗೆ ಪೆಥಾಲಜಿಯಲ್ಲಿ ಸ್ನಾತಕೋತ್ತರ ಪದವಿ ಪಡೆದ ನೋಂದಾಯಿತ ವೈದ್ಯರೇ ಸಹಿ ಹಾಕಬೇಕು ಎಂಬ ತೀರ್ಪನ್ನು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಎತ್ತಿಹಿಡಿಯಿತು. ಅಂದರೆ ನಿಮ್ಮ ಮಗಳ ಸಹಿಗೆ ಬೆಲೆಯಿದೆ. ಅಪಾಯವೂ ಅಲ್ಲೇ ಇದೆ ನೋಡಿ! ‘ನೀವು ಬರೋದೇ ಬೇಡ ಮೇಡಂ, ತಿಂಗಳಿಗಿಷ್ಟು ಕೊಡ್ತೀವಿ, ಸಹಿ ಮಾತ್ರ ಕೊಡಿ’ ಎನ್ನುವವರು ಬರುತ್ತಾರೆ. ರೋಗಿಗಳನ್ನು ಕಳಿಸುವ ಡಾಕ್ಟರಿಗೆ ಕಮಿಷನ್ ಕೊಡಬೇಕು ಎನ್ನುವ ಒತ್ತಡವೂ ಬರಬಹುದು. ವೈದ್ಯರು ಹೀಗೆ ಕಮಿಷನ್ ಕೊಡುವುದು, ಪಡೆಯುವುದು ಎರಡನ್ನೂ 2002ರ ವೈದ್ಯಕೀಯ ನೀತಿ ನಿಯಮಗಳು ನಿಷೇಧಿಸಿವೆ. ಸಾಲದ ಕಂತು ತಲೆಯ ಮೇಲಿರುವ ಇಪ್ಪತ್ತೆಂಟರ ಹುಡುಗಿ ಇದಕ್ಕೆಲ್ಲ ‘ಇಲ್ಲ’ ಎನ್ನುವುದು ಅಷ್ಟು ಸುಲಭವೇ?

ಇನ್ನೊಂದು ಮಾತು. ಸಣ್ಣ ಊರಿನ ಲ್ಯಾಬಿಗೆ ಬರುವುದು ಬಹುಪಾಲು ಶುಗರ್, ಥೈರಾಯ್ಡ್, ಹಿಮೋಗ್ಲೋಬಿನ್. ಅವನ್ನು ಯಂತ್ರವೇ ಎಣಿಸಿಕೊಡುತ್ತದೆ. ಅವಳು ಮೂರು ವರ್ಷ ಕಲಿತದ್ದು ಬೇರೆಯದನ್ನು. ಒಬ್ಬ ಹೆಂಗಸಿನ ಎದೆಯ ಗಂಟಿನಿಂದ ತೆಗೆದ ಚೂರನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಅಚ್ಚು ಹಾಕಿ, ಕೂದಲೆಳೆಗಿಂತ ತೆಳ್ಳಗೆ ಹೆಚ್ಚಿ, ಬಣ್ಣ ಕೊಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಿ ‘ಇದು ಕ್ಯಾನ್ಸರ್’ ಅಥವಾ ‘ಅಲ್ಲ’ ಎಂದು ಬರೆಯುವುದನ್ನು. ಅವಳ ಆ ಒಂದು ಸಾಲಿನ ಮೇಲೆ ಸರ್ಜನ್ ಕತ್ತಿ ಹಿಡಿಯುತ್ತಾರೆ.

ಅನುಮಾನ ಬಂದ ಸ್ಲೈಡನ್ನು ಒಂಟಿ ಲ್ಯಾಬಿನಲ್ಲಿ ಕೂತವಳು ಯಾರಿಗೆ ತೋರಿಸಬೇಕು? ಊರಾಚೆಗೆ ಕಳಿಸಿ ಕಾಯಬೇಕು. ಕಾಲೇಜಿನಲ್ಲಾದರೆ ಪಕ್ಕದ ಕೋಣೆಗೆ ಹೋದರಾಯಿತು. ಇಪ್ಪತ್ತು ವರ್ಷ ಸ್ಲೈಡ್ ನೋಡಿದ ಪ್ರೊಫೆಸರ್ ಅಲ್ಲಿರುತ್ತಾರೆ. ಎರಡನೇ ವರ್ಷದ ಎಂ.ಬಿ.ಬಿ.ಎಸ್. ಮಕ್ಕಳಿಗೆ ಪಾಠ ಮಾಡುತ್ತ ಅವಳ ಓದೂ ತುಕ್ಕು ಹಿಡಿಯುವುದಿಲ್ಲ.

ಕಾಲೇಜು ಅಂದರೆ ಸ್ವರ್ಗ ಅಂತಲ್ಲ. ಸಂಬಳ ಇಷ್ಟೇ ಎಂದು ಗೊತ್ತಿರುತ್ತದೆ. ಬಡ್ತಿಗೆ ಸೇವೆಯ ವರ್ಷಗಳ ಜೊತೆ ಸಂಶೋಧನಾ ಲೇಖನಗಳೂ ಬೇಕು. ಕೆಲವೆಡೆ ಗುತ್ತಿಗೆ ನೌಕರಿ, ಒಳ ರಾಜಕೀಯವೂ ಇರುತ್ತದೆ. ಆದರೂ ಮೊದಲ ಮೂರ್ನಾಲ್ಕು ವರ್ಷ ಅವಳು ಕಾಲೇಜಿನಲ್ಲೇ ಇರಲಿ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಲ್ಯಾಬನ್ನು ಮೂವತ್ತೈದಕ್ಕೂ ತೆರೆಯಬಹುದು. ಲ್ಯಾಬಿನಿಂದ ಕಾಲೇಜಿಗೆ ಮರಳುವುದು ಕಷ್ಟ, ಯಾಕೆಂದರೆ ಸ್ವಂತ ಪ್ರಾಕ್ಟೀಸಿನ ವರ್ಷಗಳು ಬೋಧನಾ ಅನುಭವದ ಲೆಕ್ಕಕ್ಕೆ ಬರುವುದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಿದರೇ?

ಇನ್ನು ಅಜ್ಜಿಯ ವಾದ. ಸ್ವಂತ ಲ್ಯಾಬ್ ಇದ್ದರೆ ಮನೆ ನೋಡಿಕೊಳ್ಳುವುದು ಸುಲಭವೇ? ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರು ಬರುವ ಹೊತ್ತು, ಮಕ್ಕಳನ್ನು ಸ್ಕೂಲಿಗೆ ಕಳಿಸುವ ಹೊತ್ತು ಎರಡೂ ಒಂದೇ! ಕೊಡಗಿನ ಮಳೆಗಾಲದಲ್ಲಿ ಕರೆಂಟು ಹೋದರೆ ಜನರೇಟರಿಗೆ ಓಡಬೇಕಾದವಳೂ ಅವಳೇ. ರಾಜ್ಯ ಸರ್ಕಾರಿ ನೌಕರಿಯಲ್ಲಿ 180 ದಿನ ಹೆರಿಗೆ ರಜೆಯಿದೆ. ಸ್ವಂತ ಲ್ಯಾಬಿನ ಯಜಮಾನಿಗೆ ಸಂಬಳದ ರಜೆ ಕೊಡುವವರಾರು?

ಆದ್ದರಿಂದ ಮಳಿಗೆಗೆ ಅಡ್ವಾನ್ಸ್ ಕೊಡುವ ಮೊದಲು ಮಗಳನ್ನು ಕೂರಿಸಿಕೊಂಡು ಕೇಳಿ: ‘ಕಷ್ಟದ ಸ್ಲೈಡ್ ಬಂದರೆ ಯಾರನ್ನು ಕೇಳ್ತೀಯಮ್ಮಾ? ದಿನಾ ಎಷ್ಟು ಬಯಾಪ್ಸಿ ನೋಡೋಕೆ ಸಿಗುತ್ತೆ?’ ಅವಳ ಉತ್ತರ ಕೇಳಿದ ಮೇಲೂ ಲ್ಯಾಬೇ ಬೇಕೆಂದರೆ ಧಾರಾಳವಾಗಿ ಹಾಕಿಕೊಡಿ. ಆದರೆ ‘ನೋಡದ ರಿಪೋರ್ಟಿಗೆ ಎಂದೂ ಸಹಿ ಹಾಕಬೇಡ’ ಎಂಬ ಮಾತನ್ನು ಅಮ್ಮನಾಗಿ ನೀವೇ ಹೇಳಿ.