ಅಂಚೆ ನಮ್ಮದು, ಕೀಲಿಕೈ ಯಾರದು?

ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಸರ್ಕಾರವು 2025ರ ಅಕ್ಟೋಬರ್‌ನಲ್ಲಿ ದೊಡ್ಡದೊಂದು ಕೆಲಸವನ್ನು ಮುಗಿಸಿತು. ಸಚಿವಾಲಯ, ನ್ಯಾಯಾಂಗ, ಪೊಲೀಸ್ ಸೇರಿದಂತೆ ತನ್ನ ನೌಕರರ 40 ಸಾವಿರಕ್ಕೂ ಹೆಚ್ಚು ಅಂಚೆಪೆಟ್ಟಿಗೆಗಳನ್ನು ಮೈಕ್ರೊಸಾಫ್ಟ್‌ನ ಎಕ್ಸ್‌ಚೇಂಜ್ ಸರ್ವರ್‌ನಿಂದ ಓಪನ್-ಎಕ್ಸ್‌ಚೇಂಜ್ ಎಂಬ ಮುಕ್ತ ತಂತ್ರಾಂಶಕ್ಕೆ ವರ್ಗಾಯಿಸಿತು. ಹತ್ತು ಕೋಟಿಗೂ ಮೀರಿದ ಇ-ಮೇಲ್ ಹಾಗೂ ದಿನಚರಿ ನಮೂದುಗಳು ಹೀಗೆ ಮನೆ ಬದಲಿಸಿದವು. ಇದಕ್ಕೆ ಹಿಡಿದದ್ದು ಸುಮಾರು ಆರು ತಿಂಗಳು.

ಇದನ್ನು ಹಣ ಉಳಿಸುವ ಉಪಾಯವೆಂದಷ್ಟೇ ಓದುವುದು ಸುಲಭ. ಆದರೆ ಅರ್ಥಶಾಸ್ತ್ರ ಓದಿ, ಮೂರು ದಶಕ ಸರ್ಕಾರಿ ಕಡತಗಳ ನಡುವೆ ಬದುಕಿದ ನನಗೆ ಬೆಲೆಗಿಂತ ಮುಖ್ಯವೆನಿಸುವ ಪ್ರಶ್ನೆ ಬೇರೆ: ಬಿಟ್ಟು ಹೊರಡಬೇಕೆಂದಾಗ ಹೊರಡಲು ನಮಗೆ ಸಾಧ್ಯವೇ?

ಈ ಪ್ರಶ್ನೆ ಕಾಲ್ಪನಿಕವಲ್ಲ. ಗುಜರಾತಿನ ವಾಡಿನಾರ್‌ನಲ್ಲಿ ತೈಲ ಶುದ್ಧೀಕರಣ ಘಟಕ ನಡೆಸುವ ನಯಾರಾ ಎನರ್ಜಿ ಸಂಸ್ಥೆಯ ಮೇಲೆ 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟ ನಿರ್ಬಂಧ ಹೇರಿತು. ಬೆನ್ನಲ್ಲೇ ಮೈಕ್ರೊಸಾಫ್ಟ್ ಸೇವೆಗಳು ಸ್ಥಗಿತಗೊಂಡವು. ಸಂಸ್ಥೆಯು ದೆಹಲಿ ಹೈಕೋರ್ಟ್ ಮೆಟ್ಟಿಲೇರಬೇಕಾಯಿತು. ಸೇವೆ ಕೆಲವೇ ದಿನಗಳಲ್ಲಿ ಮರಳಿತು, ನಿಜ. ಆದರೆ ನಿರ್ಬಂಧ ಹೇರಿದ್ದು ಭಾರತವಲ್ಲ, ಪೆಟ್ಟು ಬಿದ್ದದ್ದು ಭಾರತದ ನೆಲದಲ್ಲಿ ಎಂಬುದನ್ನು ಮರೆಯಲಾಗದು.

ಇ-ಮೇಲ್ ರವಾನೆಯು ಎಲ್ಲರಿಗೂ ಮುಕ್ತವಾದ ಮಾನದಂಡಗಳ ಮೇಲೆ ನಡೆಯುತ್ತದೆ. ಪತ್ರಗಳನ್ನಷ್ಟೇ ಸಾಗಿಸುವುದು ಅಷ್ಟು ಕಷ್ಟವಲ್ಲ. ನಿಜವಾದ ಬೀಗವಿರುವುದು ಅದರ ಸುತ್ತ ಬೆಳೆದಿರುವ ವ್ಯವಸ್ಥೆಯಲ್ಲಿ. ಹಂಚಿಕೊಂಡ ದಿನಚರಿ, ಸಭೆಗಳ ಆಹ್ವಾನ, ವಿಳಾಸಪಟ್ಟಿ, ಒಬ್ಬರ ಪರವಾಗಿ ಇನ್ನೊಬ್ಬರು ನೋಡಿಕೊಳ್ಳುವ ಅಧಿಕಾರ ಇವೆಲ್ಲ ಒಂದು ಕಂಪನಿಯ ವಿಧಾನಕ್ಕೆ ಒಗ್ಗಿಕೊಂಡ ಮೇಲೆ ಹೊರಬರುವ ವೆಚ್ಚ ವರ್ಷದಿಂದ ವರ್ಷಕ್ಕೆ ಏರುತ್ತದೆ. ಆಮೇಲೆ ಷರತ್ತು ವಿಧಿಸುವವನು ಮಾರಾಟಗಾರನೇ. ಎಕ್ಸ್‌ಚೇಂಜ್‌ನ 2016 ಮತ್ತು 2019ರ ಆವೃತ್ತಿಗಳಿಗೆ 2025ರ ಅಕ್ಟೋಬರ್ 14ರಂದು ಬೆಂಬಲ ಕೊನೆಗೊಂಡಿತು. ಅವುಗಳ ಉತ್ತರಾಧಿಕಾರಿ ದೊರೆಯುವುದು ಚಂದಾ ಲೆಕ್ಕದಲ್ಲಿ.

ಕನ್ನಡಿಗರಿಗೆ ಈ ಪಾಠ ಹೊಸದಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ತಂತ್ರಾಂಶಕ್ಕೊಂದು ಅಕ್ಷರ ಸಂಕೇತವಿತ್ತು. ನಾನು ಕೆಲಸ ಮಾಡಿದ ಕಚೇರಿಯೊಂದರಲ್ಲಿ ತಂತ್ರಾಂಶ ಬದಲಿಸಿದಾಗ ಹಳೆಯ ಸುತ್ತೋಲೆಗಳು ತೆರೆಯ ಮೇಲೆ ಅರ್ಥವಿಲ್ಲದ ಗೀಟುಗಳಾಗಿ ಮೂಡಿದವು. ಬೆರಳಚ್ಚುಗಾರರು ಮುದ್ರಿತ ಪ್ರತಿಗಳನ್ನು ಮುಂದಿಟ್ಟುಕೊಂಡು ಅವನ್ನು ಮತ್ತೆ ಟೈಪ್ ಮಾಡಿದರು. ಮುದ್ರಿತ ಪ್ರತಿ ಇಲ್ಲದವು ಹೋದವು. ಆ ವೆಚ್ಚವನ್ನು ಯಾವ ಟೆಂಡರ್‌ನಲ್ಲಿಯೂ ಯಾರೂ ನಮೂದಿಸಿರಲಿಲ್ಲ.

ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಕೇಂದ್ರ ಸರ್ಕಾರವು 2015ರಲ್ಲಿಯೇ ಪ್ರಕಟಿಸಿದೆ. ಆದರೂ ಕೇಂದ್ರದ ಸುಮಾರು 12 ಲಕ್ಷ ನೌಕರರ ಇ-ಮೇಲ್ ಈಚೆಗೆ ಹೋಗಿರುವುದು ಜೋಹೊ ಸಂಸ್ಥೆಯ ವ್ಯವಸ್ಥೆಗೆ. ಅದು ಸ್ವದೇಶಿ ಎಂಬುದು ಸಮಾಧಾನದ ಸಂಗತಿಯೇ. ಆದರೆ ಅದು ಮುಕ್ತ ತಂತ್ರಾಂಶವಲ್ಲ. ಒಡೆಯ ಬದಲಾದ ಮಾತ್ರಕ್ಕೆ ಬೀಗ ತೆರೆಯುವುದಿಲ್ಲ.

ಮುಕ್ತವೆಂದರೆ ಪುಕ್ಕಟೆಯೆಂದು ಭಾವಿಸುವುದೂ ತಪ್ಪು. ತರಬೇತಿ, ನಿರ್ವಹಣೆ, ನುರಿತ ತಂತ್ರಜ್ಞರು ಎಲ್ಲಕ್ಕೂ ಹಣ ಬೇಕು. ಶ್ಲೆಸ್ವಿಗ್-ಹೋಲ್‌ಸ್ಟೈನ್‌ನಲ್ಲಿಯೂ ಸ್ಥಳಾಂತರದ ವೇಳೆ ನೌಕರರು ದೂರಿದರು. ಅದೇ ದೇಶದ ಮ್ಯೂನಿಕ್ ನಗರಾಡಳಿತವು 2003ರಲ್ಲಿ ಲಿನಕ್ಸ್‌ಗೆ ಹೊರಳಲು ನಿರ್ಧರಿಸಿ, 2017ರಲ್ಲಿ ವಿಂಡೋಸ್‌ಗೆ ಮರಳುವ ತೀರ್ಮಾನ ಕೈಗೊಂಡಿತು. ತಂತ್ರಾಂಶದಷ್ಟೇ ರಾಜಕೀಯ ಇಚ್ಛಾಶಕ್ತಿಯೂ ಬಾಳಿಕೆ ಬರಬೇಕೆಂಬುದೇ ಅದರ ಪಾಠ. ಆದರೆ ಪರವಾನಗಿಗೆ ತೆತ್ತ ಹಣ ಹೊರಗೆ ಹೋಗುತ್ತದೆ. ತಂತ್ರಜ್ಞರಿಗೆ ತೆತ್ತ ಹಣ ನಮ್ಮಲ್ಲಿಯೇ ಕೌಶಲವಾಗಿ ಉಳಿಯುತ್ತದೆ.

ನಮ್ಮ ರಾಜ್ಯ ನಾಳೆಯೇ ಎಲ್ಲವನ್ನೂ ಬದಲಿಸಬೇಕೆಂದು ನಾನು ಹೇಳುತ್ತಿಲ್ಲ. ಒಂದು ಇಲಾಖೆಯಿಂದ ಆರಂಭಿಸಲಿ. ಅದಕ್ಕೂ ಮೊದಲು, ಪತ್ರ, ದಿನಚರಿ, ವಿಳಾಸಗಳನ್ನು ಮುಕ್ತ ಮಾನದಂಡದಲ್ಲಿ ಪೂರ್ಣವಾಗಿ ಹಿಂತಿರುಗಿಸಬೇಕೆಂಬ ಷರತ್ತು ಪ್ರತಿ ಇ-ಮೇಲ್ ಟೆಂಡರ್‌ನಲ್ಲಿಯೂ ಇರಲಿ. ಹಾಗೆ ಹೊರಬರುವ ವೆಚ್ಚವನ್ನು ಖರೀದಿಯ ದಿನವೇ ಲೆಕ್ಕಕ್ಕೆ ಸೇರಿಸಲಿ. ಸರ್ಕಾರದ ಪತ್ರವ್ಯವಹಾರ ಪ್ರಜೆಗಳ ದಾಖಲೆ. ಅದರ ಕೀಲಿಕೈಯನ್ನು ಬಾಡಿಗೆಗೆ ಪಡೆಯುವ ಸ್ಥಿತಿ ನಮಗೆ ಶೋಭಿಸುವುದಿಲ್ಲ.