ಬಸ್ಸು ಫ್ರೀ, ಪುಸ್ತಕ ಮಾತ್ರ ದುಬಾರಿ!

ಕಾಲೇಜು ಮೇಷ್ಟ್ರುಗಳಿಗೆ ಬೈಯುವುದು ನಮ್ಮ ಶಿವಮೊಗ್ಗದಲ್ಲಿ ಖರ್ಚಿಲ್ಲದ ಮನರಂಜನೆ. ಪಾಠ ಆಗೋದಿಲ್ಲ, ಆದರೂ ತಲೆಗೆ ಹತ್ತೋದಿಲ್ಲ, ಹತ್ತಿದರೂ ಹೊಟ್ಟೆಪಾಡಿಗೆ ಬರೋದಿಲ್ಲ. ಗಾಂಧಿ ಬಜಾರಿನ ಯಾವ ಅಂಗಡಿ ಕಟ್ಟೆಯಲ್ಲಿ ನಿಂತರೂ ಇದೇ ಮಾತು. ಮಾತಿನಲ್ಲಿ ಸುಳ್ಳೇನೂ ಇಲ್ಲ ಅನ್ನೋಣ. ಆದರೆ ಆ ಮೇಷ್ಟ್ರ ಕೈಗೆ ನಾವು ಕೊಟ್ಟಿರುವುದೇನು ಎಂದು ಕೇಳುವವರು ಮಾತ್ರ ಯಾರೂ ಇಲ್ಲ.

ಮೊದಲು ಮಕ್ಕಳ ಪಾಡು ನೋಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ಕಾಸಿಲ್ಲ. ಒಳ್ಳೆಯದೇ ಆಯಿತು. ಆದರೆ ತೀರ್ಥಹಳ್ಳಿ, ಹೊಸನಗರದ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿ ಶಕ್ತಿಯೂ ಇಲ್ಲ, ಭಕ್ತಿಯೂ ಇಲ್ಲ, ಕಾಸು ಬಿಚ್ಚಬೇಕು. ಇಷ್ಟೆಲ್ಲ ದಾಟಿ ಕಾಲೇಜಿಗೆ ಬಂದ ಹುಡುಗಿಗೆ ಪುಸ್ತಕದಂಗಡಿಯಲ್ಲಿ ಇನ್ನೊಂದು ಟಿಕೆಟ್ ಕಾದಿರುತ್ತದೆ. ಸೆಮಿಸ್ಟರಿಗೆ ಆರೇಳು ವಿಷಯ, ವಿಷಯಕ್ಕೊಂದು ಪುಸ್ತಕ. ಅಡಿಕೆ ಸುಲಿಯಲು ಹೋಗುವ ತಾಯಿ ಎಲ್ಲಿಂದ ತಂದಾಳು?

ಹಿಂದೆಲ್ಲ ಅಣ್ಣ ಓದಿದ ಪುಸ್ತಕ ತಮ್ಮನಿಗೆ ಬರುತ್ತಿತ್ತು. ಈಗ ಅದಕ್ಕೂ ಕಲ್ಲು ಬಿತ್ತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಎಂದು ಪದವಿಯ ಪಠ್ಯಕ್ರಮ ಬದಲಾಯಿತು. 2024ರಲ್ಲಿ ಅದು ಬೇಡ, ಮೂರು ವರ್ಷದ ಹಳೇ ಪದ್ಧತಿಯೇ ಸರಿ ಎಂದು ಮತ್ತೆ ಬದಲಾಯಿತು. ಯಾವುದು ಸರಿ ಎಂಬ ಜಗಳ ಪಂಡಿತರಿಗಿರಲಿ. ಅಣ್ಣನ ಪುಸ್ತಕ ರದ್ದಿಗೆ ಹೋಯಿತು. ತಂದಿಟ್ಟ ಹಳೇ ಸ್ಟಾಕು ಅಂಗಡಿಯವನ ತಲೆಗೇ ಬಂತು.

ಇನ್ನು ಮೇಷ್ಟ್ರ ಕಡೆ ಬನ್ನಿ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಿಂತಿರುವುದೇ ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಹೆಸರಿಗೆ ಅತಿಥಿ, ಉಪಚಾರ ಮಾತ್ರ ಕೇಳಬೇಡಿ. 2022ರ ಜನವರಿಯಲ್ಲಿ ಗೌರವಧನ ಏರಿತು ನಿಜ. ಜೊತೆಗೆ ಪಾಠದ ಹೊರೆ ವಾರಕ್ಕೆ 15 ಗಂಟೆಗೆ ಏರಿತು. ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ಎಂದು ತಿಳಿಯದವರು ಹೊಸ ಪಠ್ಯಕ್ಕೆ ಹೊಸ ನೋಟ್ಸ್ ಬರೆಯಬೇಕು. ಕಾಯಂ ಮೇಷ್ಟ್ರ ಕಥೆ ಬೇರೆ. ಸಂಶೋಧನಾ ಲೇಖನ ಅಚ್ಚಾದರೆ ಬಡ್ತಿಗೆ ಅಂಕ ಬರುತ್ತದೆ. ಹಳ್ಳಿ ಹುಡುಗನಿಗೆ ಅರ್ಥವಾಗುವಂತೆ ನಲವತ್ತು ಪುಟದ ಪಾಠ ಬರೆದರೆ ಬರುವುದು ಕೈನೋವು. ಹೀಗಿದ್ದ ಮೇಲೆ ಯಾರು ಬರೆಯುತ್ತಾರೆ, ಸ್ವಾಮಿ?

ಹಾಗಾದರೆ ದಾರಿ ಇಲ್ಲವೇ? ಇದೆ. ಅದೂ ನಮ್ಮ ಜೆರಾಕ್ಸ್ ಅಂಗಡಿಯಲ್ಲೇ ಇದೆ.

ದೆಹಲಿ ವಿಶ್ವವಿದ್ಯಾಲಯದ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದಲ್ಲಿ ರಾಮೇಶ್ವರಿ ಎಂಬ ಪುಟ್ಟ ಜೆರಾಕ್ಸ್ ಅಂಗಡಿ. ಮೇಷ್ಟ್ರುಗಳು ಆರಿಸಿಕೊಟ್ಟ ಅಧ್ಯಾಯಗಳನ್ನು ಒಟ್ಟುಗೂಡಿಸಿ, ಪ್ರತಿ ತೆಗೆದು, ಹೊಲಿದು ಹುಡುಗರಿಗೆ ಕೊಡುತ್ತಿತ್ತು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮತ್ತು ಟೇಲರ್ ಅಂಡ್ ಫ್ರಾನ್ಸಿಸ್ ಎಂಬ ಭಾರೀ ಪ್ರಕಾಶಕರು ಈ ಅಂಗಡಿಯ ಮೇಲೆ, ವಿಶ್ವವಿದ್ಯಾಲಯದ ಮೇಲೆ ಕೇಸು ಜಡಿದರು. ಆನೆಗಳು ಇರುವೆಯ ಮೇಲೆ ದಾವೆ ಹೂಡಿದ ಹಾಗೆ. ವಿದ್ಯಾರ್ಥಿಗಳು ಅಂಗಡಿಯ ಪರ ಕೋರ್ಟಿಗೆ ಬಂದರು. ಅಲ್ಲಿ ಹಿಂದೆ ಪಾಠ ಹೇಳಿದ್ದ ಅಮರ್ತ್ಯ ಸೇನ್ ಅವರು, ಕೇಸು ಬೇಡ ಎಂದು ಪ್ರಕಾಶಕರಿಗೆ ಪತ್ರ ಬರೆದರು. 2016ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ದಾವೆ ವಜಾ ಮಾಡಿತು. ಡಿಸೆಂಬರ್‌ನಲ್ಲಿ ವಿಭಾಗೀಯ ಪೀಠವೂ, ಪಾಠಕ್ಕೆ ಬೇಕಾದಷ್ಟು ಪ್ರತಿ ತೆಗೆಯಲು 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮಿನಲ್ಲಿ ಅವಕಾಶ ಇದೆ ಎಂದಿತು. 2017ರಲ್ಲಿ ಪ್ರಕಾಶಕರು ಕೇಸು ಹಿಂದಕ್ಕೆ ಪಡೆದರು.

ಹಾಗಂತ ಇಡೀ ಪುಸ್ತಕ ನಕಲು ಮಾಡಿ ಅಂಗಡಿ ಮುಂದೆ ನೇತುಹಾಕಬಹುದು ಅಂತ ನಮ್ಮ ಜೆರಾಕ್ಸ್ ಬಂಧುಗಳು ತಿಳಿಯಬಾರದು. ಪಾಠಕ್ಕೆ ಎಷ್ಟು ಬೇಕೋ ಅಷ್ಟು, ಮೇಷ್ಟ್ರು ಹೇಳಿದ್ದಷ್ಟು. ಆದರೆ ಅಷ್ಟು ಸಾಕು. ದಪ್ಪ ಪುಸ್ತಕದ ಎರಡು ಅಧ್ಯಾಯಕ್ಕಾಗಿ ಇಡೀ ಪುಸ್ತಕದ ಬೆಲೆ ತೆರುವುದು ತಪ್ಪುತ್ತದೆ.

ಅಗ್ಗವಾದರೆ ಸಾಲದು, ರುಚಿಯೂ ಬೇಕು. ಮಾರುಕಟ್ಟೆ ಬೆಲೆ ಹೇಗೆ ನಿಲ್ಲುತ್ತದೆ ಎಂದು ಕಲಿಸಲು ಲಂಡನ್ನಿನ ಉದಾಹರಣೆ ಯಾಕೆ? ಎಪಿಎಂಸಿಗೆ ಕರೆದುಕೊಂಡು ಹೋಗಿ. ಸರಕು, ಬೆಟ್ಟೆ, ರಾಶಿ, ಗೊರಬಲು, ಒಂದೊಂದಕ್ಕೆ ಒಂದೊಂದು ದರ ಯಾಕೆ ಎಂದು ಕೇಳಿ. ಸಹಕಾರ ತತ್ವಕ್ಕೆ 1939ರಲ್ಲಿ ಹುಟ್ಟಿದ ಮ್ಯಾಮ್ಕೋಸ್ ಇದೆ. ಕೈಗಾರಿಕೆಯ ಏಳುಬೀಳಿಗೆ 1923ರಲ್ಲಿ ಕುಲುಮೆ ಹೊತ್ತಿಸಿದ ಭದ್ರಾವತಿ ಇದೆ. ಅಪ್ಪ ಮಂಡಿಗೆ ಅಡಿಕೆ ಹಾಕುವುದನ್ನು ಕಂಡ ಹುಡುಗ ಆ ಪಾಠದಲ್ಲಿ ನಿದ್ದೆ ಮಾಡುವುದಿಲ್ಲ.

ಕಣ್ಣು ಕಾಣದ ಮಕ್ಕಳನ್ನೂ ಮರೆಯಬಾರದು. ಅವರಿಗಾಗಿ ಪುಸ್ತಕವನ್ನು ಧ್ವನಿಯಲ್ಲಿ, ಬ್ರೈಲ್‌ನಲ್ಲಿ ಮಾಡಿಕೊಡಲು 2012ರ ತಿದ್ದುಪಡಿಯಲ್ಲೇ ಕಾನೂನು ಬಾಗಿಲು ತೆರೆದಿದೆ. ಇದಕ್ಕೆ ಬೇಕಾದದ್ದು ಒಂದು ಮೊಬೈಲು, ಓದಿ ಹೇಳುವ ಒಂದು ಗಂಟಲು.

ನೆಟ್‌ನಲ್ಲಿ ಎಲ್ಲ ಇದೆಯಲ್ಲ ಅನ್ನುತ್ತಾರೆ ಕೆಲವರು. ಇದೆ. ಕೇಂದ್ರ ಸರ್ಕಾರದ ‘ಸ್ವಯಂ’ 2017ರಿಂದ ನಡೆದಿದೆ; ಒಳ್ಳೊಳ್ಳೆ ಪಾಠಗಳಿವೆ. ಆದರೆ ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಮಲೆನಾಡ ಹುಡುಗನಿಗೆ ಕೈಯಲ್ಲಿ ಹಿಡಿದ ಕಾಗದವೇ ಗತಿ. ಬಸ್ಸಿನಲ್ಲಿ ನಿಂತುಕೊಂಡೂ ಓದಬಹುದು.

ಇದೆಲ್ಲ ಹೊಸ ಆವಿಷ್ಕಾರವೂ ಅಲ್ಲ. ನಮ್ಮ ಜಿಲ್ಲೆಯ ಕುಪ್ಪಳಿಯ ಮಗ ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಯಾಗಿದ್ದಾಗ ಮಾಡಿದ್ದೂ ಇದನ್ನೇ. ಪ್ರಾಧ್ಯಾಪಕರಿಂದ ಕನ್ನಡದಲ್ಲಿ ಬರೆಸಿದರು, ಪ್ರಸಾರಾಂಗದಿಂದ ಅಚ್ಚು ಹಾಕಿಸಿದರು. ಬರೆಯಿರಿ ಎಂದು ಭಾಷಣ ಮಾಡಿ ಮನೆಗೆ ಹೋಗಲಿಲ್ಲ. ಬರೆದದ್ದು ಓದುಗನಿಗೆ ಮುಟ್ಟುವ ಏರ್ಪಾಡನ್ನೂ ಮಾಡಿದರು.

ಅವರ ಹೆಸರು ಹೊತ್ತ ವಿಶ್ವವಿದ್ಯಾಲಯ 1987ರಿಂದ ಶಂಕರಘಟ್ಟದಲ್ಲಿದೆ. ಅಲ್ಲಿನ ಹಿರಿಯರಿಗೆ ನಮ್ಮ ವಿನಂತಿ ಮೂರೇ. ಪ್ರತಿ ವಿಷಯಕ್ಕೆ ನಾಲ್ಕೈದು ಮೇಷ್ಟ್ರನ್ನು ಕೂಡಿಸಿ, ಅತಿಥಿಗಳನ್ನೂ ಸೇರಿಸಿ, ಒಂದು ಪಾಠದ ಕಟ್ಟು ಮಾಡಿಸಿ. ಬರೆಯುವ ದಿನಗಳಿಗೆ ಪಾಠದ ಹೊರೆ ಇಳಿಸಿ, ಗೌರವಧನ ಕೊಡಿ, ಬಡ್ತಿಯಲ್ಲಿ ಲೆಕ್ಕಕ್ಕೆ ಹಿಡಿಯಿರಿ. ಆ ಕಟ್ಟು ಪ್ರತಿ ಕಾಲೇಜಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಕಾಗದದ ಖರ್ಚಿಗೆ ಸಿಗುವಂತೆ ಮಾಡಿ.

ಮೇಷ್ಟ್ರು ಪಾಠ ಮಾಡಲಿಲ್ಲ ಎಂದು ಆಮೇಲೆ ಬೈಯೋಣ. ಆಗ ಬೈಯಲು ನಮಗೂ ಒಂದು ಹಕ್ಕಿರುತ್ತದೆ.